ಒಂಬತ್ತು ಗಂಟೆಯ ಮುಖ

ನನ್ನ ಮುಖ ನನ್ನದೇ ಎಂದು ಒಂದು ಫೋನನ್ನು ಒಪ್ಪಿಸುವುದು ಇಷ್ಟು ಕಷ್ಟದ ಕೆಲಸವೆಂದು ಡಿ.ಎಡ್. ಓದುವಾಗ ಯಾರೂ ಹೇಳಿಕೊಟ್ಟಿರಲಿಲ್ಲ. ಆಂಧ್ರದ ಕಲ್ಯಾಣದುರ್ಗದ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಹೊಸ ಟೀಚರಾಗಿ ಸೇರಿದ ದಿನ ಹೆಡ್ಮಾಸ್ಟರು ನನ್ನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಹಾಜರಾತಿಯ ಆ್ಯಪ್‌ಗೆಂದು ಒಂದು ಫೋಟೋ ತೆಗೆದರು. ಹೊಸ ಕೆಲಸ, ಹೊಸ ಸೀರೆ, ಅಮ್ಮ ಮುಡಿಸಿ ಕಳಿಸಿದ ಮಲ್ಲಿಗೆ. ಮೂವತ್ತೆರಡು ಹಲ್ಲೂ ಕಾಣುವಂತೆ ನಕ್ಕಿದ್ದೆ. ಅಂದಿನಿಂದ ಆ ಆ್ಯಪ್‌ನ ಮಟ್ಟಿಗೆ ನಾನೆಂದರೆ ಆ ಹಲ್ಲು ಕಿರಿದವಳು. ದಿನಾ ಬೆಳಿಗ್ಗೆ ಒಂಬತ್ತರೊಳಗೆ ಶಾಲೆಯ ಆವರಣದಲ್ಲಿ ನಿಂತು ಫೋನಿಗೆ ಮುಖ ಹಿಡಿಯಬೇಕು, ಅದು ಹೇಳಿದಾಗ ಕಣ್ಣು ಮಿಟುಕಿಸಬೇಕು, ಅದು ಒಪ್ಪಿದರೆ ಹಾಜರಿ. ಇಲ್ಲದಿದ್ದರೆ ತಡ. ಮೂರು ಸಲ ತಡವಾದರೆ ಅರ್ಧ ದಿನದ ರಜೆ ಹೋಯಿತು, ಮೇಲೆ ಮಂಡಲದ ಕಚೇರಿಗೆ ಹೋಗಿ ಕಾರಣ ಬರೆದುಕೊಟ್ಟು ಬರಬೇಕು.

ನಿಜ ಹೇಳಬೇಕೆಂದರೆ ಫೋನಿನದು ಅಷ್ಟೇನೂ ತಪ್ಪಿರಲಿಲ್ಲ. ನಾನು ಕಲ್ಯಾಣದುರ್ಗದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅಲ್ಲಿಂದ ಹಳ್ಳಿಗೆ ಬರುವ ಎಂಟು ಗಂಟೆಯ ಬಸ್ಸು ಎಂಟು ಗಂಟೆಗೇ ಬಂದರೆ ನಿಲ್ದಾಣದಲ್ಲಿ ಇದ್ದವರು ಇದು ನಿನ್ನೆಯ ಬಸ್ಸಿರಬೇಕು ಎಂದು ನಗಾಡುತ್ತಿದ್ದರು. ಬಸ್ಸಿಗೆ ಕಾದು, ನಿಂತು, ನೂಕಿಸಿಕೊಂಡು, ಹಳ್ಳಿಯ ಗೇಟಿನಲ್ಲಿ ಇಳಿದು ಓಡಿ ಶಾಲೆ ಮುಟ್ಟುವಾಗ ಎಂಟೂ ಐವತ್ತು. ಆ ಹೊತ್ತಿಗೆ ನನ್ನ ಮುಖ ಹೇಗಿರುತ್ತಿತ್ತೆಂದು ನನಗೆ ಗೊತ್ತಾಗುತ್ತಿದ್ದದ್ದು ಫೋನಿನಲ್ಲೇ. ಹುಬ್ಬು ಗಂಟು, ಮೂಗಿನ ಮೇಲೆ ಬೆವರು, ಜಗಳಕ್ಕೆ ಹೊರಟವಳ ಬಾಯಿ. 'ಮುಖ ಹೊಂದುತ್ತಿಲ್ಲ, ಮತ್ತೆ ಪ್ರಯತ್ನಿಸಿ' ಎನ್ನುತ್ತಿತ್ತು ಫೋನು. ಹಾಗೆಂದಾಗ ಇನ್ನಷ್ಟು ಸಿಟ್ಟು ಬರುತ್ತಿತ್ತು, ಮುಖ ಇನ್ನಷ್ಟು ಹೊಂದುತ್ತಿರಲಿಲ್ಲ.

ಸಿಟ್ಟು ನನಗೆ ಯಾರೂ ಕಲಿಸಿದ್ದಲ್ಲ, ಬಳುವಳಿ. ನಮ್ಮದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಕೆಳಗೆ ಮಂಡಿ, ಮೇಲೆ ಮನೆ. ಬೆಳಿಗ್ಗೆ ಅಪ್ಪ ಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಕೂಗಲು ಶುರು ಮಾಡಿದರೆ ಸಂಜೆ ಬಾಗಿಲು ಹಾಕುವವರೆಗೂ ಕೂಗೇ. ಮೂಟೆ ಹೊರುವವರ ಮೇಲೆ ಕೂಗು, ಲಾರಿಯವರ ಮೇಲೆ ಕೂಗು, ಪರಿಗಿಯಿಂದ ಹಣ್ಣು ತಂದ ರೈತರ ಜೊತೆ ಕೂಗಿನಲ್ಲೇ ಕುಶಲೋಪರಿ. ಅಮ್ಮ ಮೇಲಿನಿಂದ ಊಟಕ್ಕೆ ಕರೆಯುವುದೂ ಕೂಗೇ. 'ಮುಚ್ಚು ಬಾಯಿ' ಎನ್ನುವ ಮಾತು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಅಪ್ಪ ಅಮ್ಮನಿಗೆ ಹೇಳುತ್ತಿದ್ದರು, ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ಇಬ್ಬರೂ ಮುಚ್ಚಿದ್ದನ್ನು ನಾನು ಕಂಡಿಲ್ಲ. ಕೂಗಾಡಿದ ಮೇಲೆ ತಪ್ಪಾಯಿತು ಎಂದು ಹೇಳುವ ಪದ್ಧತಿಯೂ ನಮ್ಮಲ್ಲಿ ಇರಲಿಲ್ಲ. ಬೈದವರು ಬೈಸಿಕೊಂಡವರಿಗೆ ಒಂದು ಲೋಟ ಕಾಫಿ ಕಳಿಸುತ್ತಿದ್ದರು. ಕಾಫಿ ಕುಡಿದರೆ ರಾಜಿಯಾಯಿತು ಎಂದು ಅರ್ಥ. ಮಾತು ನಮ್ಮ ಮನೆಯಲ್ಲಿ ಹುಣಸೆ ಸಿಪ್ಪೆಯಷ್ಟೇ ಹಗುರ. ಎಲ್ಲರ ಮನೆಯಲ್ಲೂ ಹೀಗೇ ಎಂದು ನಾನು ತಿಳಿದಿದ್ದೆ.

ಕೆಲಸಕ್ಕೆ ಸೇರುವ ಮುಂಚೆ ಹೊಸಬರಿಗೆಲ್ಲ ಮೂರು ದಿನ ತರಬೇತಿ ಕೊಟ್ಟಿದ್ದರು. ಒಂದು ಮಧ್ಯಾಹ್ನ ಪೂರ್ತಿ 'ಒತ್ತಡ ನಿಭಾಯಿಸುವುದು' ಎಂಬ ವಿಷಯ. ಊಟವಾದ ಮೇಲಿನ ಹೊತ್ತು, ಅರ್ಧ ಜನಕ್ಕೆ ಒತ್ತಡ ನಿದ್ದೆಯಲ್ಲೇ ನಿಭಾಯಿಸಿಹೋಯಿತು. ನಾನು ಮಾತ್ರ ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದುಕೊಂಡೆ. ಕೋಪ ಬಂದರೆ ನಾಲ್ಕು ಎಣಿಸುತ್ತಾ ಉಸಿರು ಎಳೆದುಕೊಳ್ಳಿ, ನಾಲ್ಕು ಎಣಿಸುತ್ತಾ ಹಿಡಿದುಕೊಳ್ಳಿ, ನಾಲ್ಕು ಎಣಿಸುತ್ತಾ ಬಿಡಿ. ಸಾಲದಿದ್ದರೆ ಹತ್ತರವರೆಗೆ ಎಣಿಸಿ. ನೀರು ಕುಡಿಯಿರಿ. ಮಗು ಮುದುಡಿಕೊಂಡರೆ ಪ್ರಶ್ನೆ ಕೇಳಿ ಪೀಡಿಸಬೇಡಿ, ಸಮಯ ಕೊಡಿ. ಈ ಕೊನೆಯ ಸಾಲಿನ ಕೆಳಗೆ ನಾನು ಎರಡು ಗೆರೆ ಬೇರೆ ಎಳೆದಿದ್ದೆ.

ಶಾಲೆಯಲ್ಲಿ ಇದ್ದವರು ನಾವಿಬ್ಬರೇ. ಒಂದು, ಎರಡನೇ ತರಗತಿ ಹೆಡ್ಮಾಸ್ಟರಿಗೆ. ಮೂರು, ನಾಲ್ಕು, ಐದು ನನಗೆ, ಒಂದೇ ಕೋಣೆಯಲ್ಲಿ. ಮೂರರವರಿಗೆ ಕೂಡುವುದು ಹೇಳುತ್ತಿದ್ದರೆ ಐದರವರು ಕಿಟಕಿ ಹತ್ತುತ್ತಿದ್ದರು. ಐದರವರನ್ನು ಇಳಿಸುವಷ್ಟರಲ್ಲಿ ನಾಲ್ಕರವರು ಒಬ್ಬರ ಜಡೆ ಇನ್ನೊಬ್ಬರು ಬೆಂಚಿಗೆ ಕಟ್ಟಿರುತ್ತಿದ್ದರು. ಪುಸ್ತಕ ತೆಲುಗು, ಮನೆಮಾತು ಅರ್ಧಕ್ಕರ್ಧ ಮಕ್ಕಳಿಗೆ ಕನ್ನಡ, ಗಲಾಟೆ ಎರಡರಲ್ಲೂ. ಒಂದು ದಿನ ತರಬೇತಿಯಂತೆ ಕಣ್ಣು ಮುಚ್ಚಿ ನಾಲ್ಕು ಎಣಿಸಿ ಉಸಿರು ಹಿಡಿದು ನಿಂತೆ. ಕೋಣೆ ತಣ್ಣಗಾಯಿತು. ಆಹಾ, ಕೆಲಸ ಮಾಡಿತು ಎಂದುಕೊಳ್ಳುವಷ್ಟರಲ್ಲಿ ಮುಂದಿನ ಬೆಂಚಿನಿಂದ ಒಂದು ದನಿ: "ಮೇಡಂ, ಹೊಟ್ಟೆನೋವಾ?" ಇನ್ನೊಂದು ದಿನ ಹತ್ತರವರೆಗೆ ಎಣಿಸಲು ಹೊರಟೆ, ಬಾಯಿಂದ ಸ್ವಲ್ಪ ಜೋರಾಗಿ ಬಂತೇನೋ. ಎರಡು ಅನ್ನುವಷ್ಟರಲ್ಲಿ ಇಡೀ ಕೋಣೆ ಮಗ್ಗಿಯೆಂದು ತಿಳಿದು ರಾಗವಾಗಿ ಸೇರಿಕೊಂಡು ನನ್ನನ್ನು ನೂರರವರೆಗೆ ಎಳೆದುಕೊಂಡು ಹೋಯಿತು.

ಹೆಡ್ಮಾಸ್ಟರದು ಬೇರೆ ದಾರಿ. ನಿವೃತ್ತಿಗೆ ಹತ್ತಿರವಾದವರು, ಮನೆಮಾತು ತೆಲುಗು, ನನ್ನ ಜೊತೆ ಮಾತ್ರ ತೆಲುಗು ಬೆರೆತ ಕನ್ನಡ. ಕೋಪ ಬಂದಾಗ ಅವರು ಒಂದು ಮಾತೂ ಆಡದೆ ಮಕ್ಕಳ ಪೆನ್ಸಿಲ್ ಡಬ್ಬಿ ಮುಂದಿಟ್ಟುಕೊಂಡು ಬ್ಲೇಡಿನಲ್ಲಿ ಒಂದೊಂದೇ ಚೂಪು ಮಾಡುತ್ತಿದ್ದರು. ಅವರ ತರಗತಿಯ ಪೆನ್ಸಿಲ್ಲುಗಳು ಯಾವಾಗಲೂ ಸೂಜಿಯಂತೆ ಇರುತ್ತಿದ್ದವು. ಇಷ್ಟು ಶಾಂತ ಮನುಷ್ಯನಿಗೆ ದಿನಕ್ಕೆ ಎಷ್ಟು ಕೋಪ ಬರುತ್ತಿತ್ತೆಂದು ನನಗೆ ಅದರಿಂದಲೇ ತಿಳಿದದ್ದು. ನಾನೂ ಪ್ರಯತ್ನಿಸಿದೆ. ಮೂರು ಪೆನ್ಸಿಲ್ಲಿನ ಮೊನೆ ಮುರಿದು ಬೆರಳು ಕುಯ್ದುಕೊಂಡೆ.

ಇನ್ನು ಆ ಹುಡುಗಿಯ ವಿಷಯ. ಮೂರನೇ ತರಗತಿ, ನಮ್ಮ ಶಾಲೆಯ ಅಡುಗೆಯಮ್ಮನ ಮೊಮ್ಮಗಳು. ಅಜ್ಜಿಯ ಜೊತೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುವವಳು. ಅಜ್ಜಿ ಮಿತಭಾಷಿ, ಕೇಳಿದ್ದಕ್ಕಷ್ಟೇ ಉತ್ತರ. ಅವರ ಮನೆಯ ಮಾತೆಲ್ಲ ಸೇರಿ ಈ ಒಬ್ಬಳ ಪಾಲಿಗೆ ಬಂದಿತ್ತು. ನಾನು ಗೇಟು ದಾಟುವುದೇ ತಡ, "ಮೇಡಂ ಮೇಡಂ" ಎಂದು ಸೆರಗಿಗೆ ಜೋತುಬಿದ್ದು ಊರಿನ ಸುದ್ದಿಯೆಲ್ಲ ಹೇಳುತ್ತಿದ್ದಳು. ಯಾರ ಹಸು ತಪ್ಪಿಸಿಕೊಂಡಿತು, ಯಾರ ಮನೆಗೆ ಫ್ರಿಡ್ಜ್ ಬಂತು, ಯಾವ ಅತ್ತೆ ಯಾವ ಸೊಸೆಯ ಮೇಲೆ ಮುನಿಸಿಕೊಂಡಳು. ಉತ್ತರ ಗೊತ್ತಿದ್ದರೂ ಮಾತು, ಗೊತ್ತಿಲ್ಲದಿದ್ದರೆ ಇನ್ನೂ ಹೆಚ್ಚು ಮಾತು. ಸೇರಿದ ಹೊಸದರಲ್ಲಿ ನನ್ನ ಜೊತೆ ಮಾತಾಡಿದ ಮೊದಲ ಮಗು ಅವಳೇ.

ದಸರಾ ರಜೆ ಮುಗಿದ ಮೇಲೆ ಒಂದು ಸೋಮವಾರ. ಬಸ್ಸು ತಡ. ಓಡಿ ಬಂದು ಫೋನು ಹಿಡಿದರೆ ಮುಖ ಹೊಂದುತ್ತಿಲ್ಲ. ಹತ್ತು ಸಲ ಹಿಡಿದೆ, ಹತ್ತು ಸಲ ಕಣ್ಣು ಮಿಟುಕಿಸಿದೆ. ಒಂಬತ್ತಾಯಿತು, ತಡ ಬಿತ್ತು. ಅದು ಎರಡನೆಯದು. ಕೋಣೆಗೆ ಬಂದರೆ ಐದರವರು ಕಿಟಕಿಯಲ್ಲಿ, ಚಾಕ್‌ಪೀಸಿನ ಡಬ್ಬಿ ನೆಲದಲ್ಲಿ. ಆಗ ಸೆರಗು ಜಗ್ಗಿತು. "ಮೇಡಂ, ಮೇಡಂ, ಮೇಡಂ." ನಾನು ಮೇಜಿಗೆ ಕೈ ಅಪ್ಪಳಿಸಿ, ಅಪ್ಪನ ಮಂಡಿಯ ದನಿಯಲ್ಲಿ, "ಮುಚ್ಚು ಬಾಯಿ! ನಾನು ಹೇಳೋಗಂಟ ಬಾಯಿ ಬಿಟ್ರೆ ನೋಡು!" ಎಂದು ಕೂಗಿದೆ. ಕಿಟಕಿಯವರು ತಾವಾಗಿಯೇ ಇಳಿದರು. ಹುಡುಗಿ ಸೆರಗು ಬಿಟ್ಟು ತನ್ನ ಜಾಗಕ್ಕೆ ಹೋಗಿ ಕೈಕಟ್ಟಿ ಕೂತಳು. ಕಾಲು ಗಂಟೆಯಲ್ಲಿ ನನಗೆ ಎಲ್ಲ ಮರೆತುಹೋಯಿತು. ನಮ್ಮ ಮನೆಯಲ್ಲಾಗಿದ್ದರೆ ಅವರಿಗೂ ಮರೆತುಹೋಗುತ್ತಿತ್ತು.

ಅವಳು ಮರುದಿನ ಮಾತಾಡಲಿಲ್ಲ. ಅದರ ಮರುದಿನವೂ ಇಲ್ಲ. ಹಾಜರಿ ಕೂಗಿದರೆ ಕೈಯೆತ್ತುತ್ತಿದ್ದಳು. ಲೆಕ್ಕದ ಉತ್ತರ ಸ್ಲೇಟಿನಲ್ಲಿ ಬರೆದು ತೋರಿಸುತ್ತಿದ್ದಳು. ಎಲ್ಲರೂ ಮಗ್ಗಿ ಹೇಳುವಾಗ, ಬೆಳಗಿನ ಪ್ರಾರ್ಥನೆಯಲ್ಲಿ ಕೂಡ, ತುಟಿ ಬಿಗಿದು ನಿಂತಿರುತ್ತಿದ್ದಳು. ನಾನು ಮಾಡಿದ್ದೇನು? ಇದನ್ನು ಬರೆಯಲು ನಾಚಿಕೆಯಾಗುತ್ತದೆ. ನನಗೆ ಹಾಯೆನಿಸಿತು. ಒಂದು ದನಿ ಕಮ್ಮಿಯಾಯಿತಲ್ಲ ಎಂದು ಖುಷಿಪಟ್ಟು, ಒಂದು ದಿನ ಅವಳನ್ನು ಎದ್ದು ನಿಲ್ಲಿಸಿ, "ನೋಡಿ, ಹೀಗಿರಬೇಕು. ಎಷ್ಟು ಜಾಣೆ" ಎಂದು ಎಲ್ಲರಿಂದ ಚಪ್ಪಾಳೆ ಹೊಡೆಸಿದೆ. ಅವಳು ಕೈಕಟ್ಟಿಕೊಂಡೇ ನಿಂತಿದ್ದಳು.

ಹತ್ತು ಹನ್ನೆರಡು ದಿನ ಕಳೆದ ಮೇಲೆ ಮಧ್ಯಾಹ್ನ ಊಟಕ್ಕೆ ಬಡಿಸುತ್ತಾ ಅಡುಗೆಯಮ್ಮ ನನ್ನ ತಟ್ಟೆಗೆ ಮೊಟ್ಟೆ ಇಟ್ಟು ಅಲ್ಲೇ ನಿಂತಳು. ಆ ಮಿತಭಾಷಿ ನಿಂತಳೆಂದರೆ ಏನೋ ಇದೆ.

"ಮೇಡಮ್ಮ, ನಮ್ಮುಡುಗಿ ಇಸ್ಕೂಲಲ್ಲಿ ಮಾತೇ ಆಡಾಕಿಲ್ವಂತೆ. ಅದರ ಗೆಳತೇರು ಏಳಿದ್ರು. ಮನೇಲಿ ಒಂದು ಗಳಿಗೆ ಸುಮ್ಕಿರಾಕಿಲ್ಲ. ಇಸ್ಕೂಲ್ ಗೇಟು ದಾಟಿದ ತಕ್ಸಣ ಬಾಯಿಗೆ ಬೀಗ. ಯಾಕೇ ಅಂದ್ರೆ ತಲೆ ಅಲ್ಲಾಡಿಸ್ತಾಳೆ."

"ನಾನು ಒಂದು ದಿನ ಗದರಿದ್ದೆ ಅಮ್ಮಾ" ಎಂದೆ.

"ಗದರದೇ ಇನ್ನೇನ್ ಮಾಡ್ತೀರಾ ಬುಡಿ, ಮಕ್ಳಲ್ವಾ" ಎಂದಳು ಅವಳು. ಅಷ್ಟೇ. ಬೈದಿದ್ದರೆ ನನಗೆ ಅನ್ನ ಇಳಿಯುತ್ತಿತ್ತು. ನಮ್ಮ ಮನೆಯವರಿಗೆ ಬೈಗುಳ ಅರಗುತ್ತದೆ, ಇಂಥ ಮಾತು ಅರಗುವುದಿಲ್ಲ. ಮೊಟ್ಟೆ ತಟ್ಟೆಯಲ್ಲೇ ಉಳಿಯಿತು.

ಅಂದಿನಿಂದ ನನಗೆ ಒಂದೇ ಚಿಂತೆ. ಈ ಮಗುವಿನ ಬಾಯಿ ನಾನು ಮುಚ್ಚಿಸಿದ್ದು, ನಾನೇ ತೆರೆಸಬೇಕು. ಕೆಲಸಕ್ಕೆ ಬಂದು ಐದು ತಿಂಗಳಾಗಿರಲಿಲ್ಲ, ಅಷ್ಟರಲ್ಲಿ ಮಾತಿನ ಮಲ್ಲಿಯೊಬ್ಬಳನ್ನು ಮೂಗಿ ಮಾಡಿಟ್ಟಿದ್ದೆ. ಇವಳು ಮತ್ತೆ ಮಾತಾಡದಿದ್ದರೆ ನಾನು ಟೀಚರಾಗಿದ್ದು ಏಕೆ ಎಂದು ಬಸ್ಸಿನಲ್ಲಿ ಕೂತಾಗಲೆಲ್ಲ ಅನಿಸುತ್ತಿತ್ತು. ಆದರೆ ಕೇಳುವ ಹಾಗಿಲ್ಲ. ಪೀಡಿಸಬೇಡಿ, ಸಮಯ ಕೊಡಿ ಎಂಬ ಸಾಲಿಗೆ ನಾನೇ ಎರಡು ಗೆರೆ ಎಳೆದಿದ್ದೆನಲ್ಲ. ಹೆಡ್ಮಾಸ್ಟರೂ ಅದನ್ನೇ ಹೇಳಿದರು. "ಕೆದಕಬೇಡಿ ಅಮ್ಮಾ. ಅದರಷ್ಟಕ್ಕೆ ಅದು ಬರುತ್ತೆ." ಹೀಗಾಗಿ ನಾನು ಅವಳನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಬದಲಿಗೆ ನಮ್ಮ ಮನೆಯ ಪದ್ಧತಿಯಂತೆ ಕಾಫಿ ಕಳಿಸಲು ಶುರು ಮಾಡಿದೆ. ಕಾಫಿ ಎಂದರೆ ಚಿಕ್ಕಿ. ಮಧ್ಯಾಹ್ನದ ಊಟದ ಜೊತೆ ಬರುತ್ತಿದ್ದ ನನ್ನ ಪಾಲಿನ ಕಡಲೆಬೀಜದ ಚಿಕ್ಕಿ ಅವಳ ಕೈಗೆ. ಗಂಟೆ ಹೊಡೆಯುವ ಕೆಲಸ, ಐದನೆಯವರೆಲ್ಲ ಕಿತ್ತಾಡುತ್ತಿದ್ದ ಕೆಲಸ, ಅವಳಿಗೆ. ಹಿಂದೂಪುರದಿಂದ ಒಂದು ಬಣ್ಣದ ಪೆನ್ಸಿಲ್ ಡಬ್ಬಿ. ಅವಳು ಎಲ್ಲವನ್ನೂ ಎರಡು ಕೈಯಲ್ಲಿ ತೆಗೆದುಕೊಂಡು, ತಲೆಬಾಗಿಸಿ, ಮಾತಿಲ್ಲದೆ ಹೋಗುತ್ತಿದ್ದಳು.

ಇದೇ ದಿನಗಳಲ್ಲಿ, ತಮಾಷೆಯೆಂದರೆ, ಫೋನು ನನ್ನನ್ನು ಒಪ್ಪತೊಡಗಿತು. ಅದಕ್ಕೆ ಹೆಡ್ಮಾಸ್ಟರ ಸಂಶೋಧನೆ ಕಾರಣ. ಒಂದು ಬೆಳಿಗ್ಗೆ ನಾನು ಫೋನಿನ ಜೊತೆ ಗುದ್ದಾಡುವುದನ್ನು ನೋಡಿ ಬಂದು, ಅವರು ತಮ್ಮ ಕನ್ನಡಕ ಏರಿಸಿ, ಸೇರಿದ ದಿನದ ನನ್ನ ಫೋಟೋವನ್ನೂ ಎದುರಿಗಿದ್ದ ನನ್ನನ್ನೂ ಎರಡೆರಡು ಸಲ ನೋಡಿದರು.

"ಇದು ನಿಮ್ಮ ನಗುಮುಖ ಕಂಡಿದೆ ಅಮ್ಮಾ. ನೀವು ದಿನಾ ಬೇರೆ ಮುಖ ತರ್ತೀರಾ. ನಾನೇ ಫೋನಾಗಿದ್ರೂ ಒಪ್ತಿರಲಿಲ್ಲ. ಕೊಂಚೆಂ ನಗಿ."

ಎಂಟೂ ಐವತ್ತೇಳಕ್ಕೆ ನಗುವುದು ಎಲ್ಲಿಂದ? ಆದರೆ ಅವರ ಈ ಮಾತು ಮಕ್ಕಳ ಕಿವಿಗೆ ಬಿದ್ದಿತ್ತು. ಮರುದಿನದಿಂದ ಬೇವಿನ ಮರದ ಕೆಳಗೆ ಮೇಡಂನ ನಗಿಸುವ ಕಾರ್ಯಕ್ರಮ. ನಾನು ನೀರಿನ ತೊಟ್ಟಿಯ ಮೆಟ್ಟಿಲು ಹತ್ತಿ ಫೋನು ಹಿಡಿಯುತ್ತಿದ್ದೆ, ಸಿಗ್ನಲ್ ಸಿಗುತ್ತಿದ್ದದ್ದು ಅಲ್ಲೇ. ಎದುರಿಗೆ ಮೂರೂ ತರಗತಿ ಸಾಲುಗಟ್ಟಿ ನಿಲ್ಲುತ್ತಿತ್ತು. ಒಬ್ಬ ನಮ್ಮ ಬಸ್ಸಿನ ಕಂಡಕ್ಟರ್ ಹಾಗೆ "ಎನಕ್ಕಿ ಜರಗಂಡಿ, ಎನಕ್ಕಿ ಜರಗಂಡಿ" ಎಂದು ಎಲ್ಲರನ್ನೂ ಹಿಂದಕ್ಕೆ ನೂಕುತ್ತಿದ್ದ. ಒಬ್ಬಳು ಕಣ್ಣು ಮುಚ್ಚಿ ಉಸಿರು ಹಿಡಿದು ಹೊಟ್ಟೆನೋವಿನ ಮೇಡಂ ಆಗುತ್ತಿದ್ದಳು. ನಗು ತಡೆಯಲಾಗದೆ ಬಂದುಬಿಡುತ್ತಿತ್ತು. ಫೋನು ಟಿಂಗ್ ಎನ್ನುತ್ತಿತ್ತು, ಎಲ್ಲರೂ ಹೋ ಎಂದು ಕೂಗುತ್ತಿದ್ದರು. ಬಹುಶಃ ಮುಖಕ್ಕೆ ಬೆಳಕು ಚೆನ್ನಾಗಿ ಬೀಳುವ ಜಾಗ ಸಿಕ್ಕಿದ್ದೇ ನಿಜವಾದ ಕಾರಣ ಇರಬಹುದು. ಆದರೆ ಇದನ್ನು ಮಕ್ಕಳಿಗೆ ಹೇಳಲು ನನಗೆ ಇಷ್ಟವಿರಲಿಲ್ಲ, ಈಗಲೂ ಹೇಳಿಲ್ಲ.

ನಗುತ್ತಾ ತರಗತಿಗೆ ಹೋದರೆ ದಿನ ಬೇರೆಯೇ ಆಗುತ್ತಿತ್ತು. ಕಿಟಕಿ ಹತ್ತಿದವರನ್ನು ಇಳಿಸಲು ಕೂಗಬೇಕಿಲ್ಲ, ಹತ್ತಿರ ಹೋಗಿ ನಿಂತರೆ ಸಾಕು ಎಂದು ತಿಳಿಯಿತು. ಮೂರರವರಿಗೆ ಪಾಠ ಹೇಳುವಾಗ ಐದರವರಿಗೆ ಕೈತುಂಬ ಕೆಲಸ ಕೊಡಬೇಕೆಂದು ತಿಳಿಯಿತು. "ಮೇಡಂ ಈಗ ತುಂಬಾ ಶಾಂತ" ಎಂದು ಹೆಡ್ಮಾಸ್ಟರು ಊರಿನವರ ಮುಂದೆ ಹೊಗಳಿದರು. ನಾನು ಮಾತ್ರ ಬೇವಿನ ಮರದ ಕಡೆ ನೋಡುತ್ತಿದ್ದೆ. ಮರಕ್ಕೆ ಒರಗಿ, ಶಾಲೆಯಲ್ಲಿ ಬೆಳಿಗ್ಗೆ ಕೊಡುವ ರಾಗಿ ಗಂಜಿಯ ಲೋಟ ಹಿಡಿದು, ಆ ಹುಡುಗಿ ನನ್ನ ನಗುವನ್ನು ನೋಡುತ್ತಾ ನಿಂತಿರುತ್ತಿದ್ದಳು. ಎಲ್ಲರೂ ಹೋ ಎಂದು ಕೂಗುವಾಗ ಅವಳ ಬಾಯಿ ಮಾತ್ರ ಮುಚ್ಚಿಯೇ ಇರುತ್ತಿತ್ತು.

ಹೀಗಿರುವಾಗ ಒಂದು ಶನಿವಾರ ಹಿಂದೂಪುರಕ್ಕೆ ಹೋದೆ. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ನಡೆದದ್ದೆಲ್ಲ ಹೇಳಿದೆ. ಹೇಳಿ ಮುಗಿಸುವುದೇ ತಡ, ಮನೆಯವರೆಲ್ಲ ಮೆಲ್ಲಗೆ ಮಾತಾಡುವುದು ಹೇಗೆಂದು ನನಗೆ ಒಟ್ಟಿಗೇ ಕೂಗಿ ಹೇಳಲು ಶುರು ಮಾಡಿದರು. ದೊಡ್ಡಪ್ಪ ಪಡಸಾಲೆಯಿಂದ, "ಮಕ್ಕಳ ಮುಂದೆ ದನಿ ಏರಿಸಬಾರದಮ್ಮಾ!" ಎಂದು ಬೀದಿಗೆ ಕೇಳುವಂತೆ ಗರ್ಜಿಸಿದರು. ಅಮ್ಮ ದೋಸೆ ಹಂಚಿನ ಹತ್ತಿರದಿಂದ, "ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇನೇ?" ಎಂದಳು, ದೋಸೆ ಮಗುಚುವ ಸಟ್ಟುಗ ಝಳಪಿಸುತ್ತಾ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನನಗೆ ನಗು ಬಂತು. ಹಾಗೆಯೇ, ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ, ನಮ್ಮ ಮನೆಯ ಸದ್ದು ಹೊರಗಿನವರ ಕಿವಿಗೆ ಹೇಗೆ ಕೇಳಬಹುದೆಂದು ಹೊಳೆಯಿತು. ಒಂದು ಕ್ಷಣ ನನಗೇ ಹೆದರಿಕೆಯಾಯಿತು.

ಅಪ್ಪ ಮಾತ್ರ ಕೂಗಲಿಲ್ಲ. ಅಪರೂಪಕ್ಕೆ ಯೋಚಿಸುತ್ತಿದ್ದರು.

"ನೀನು ಬೈದಿದ್ದು ಬಾಯಲ್ಲಿ. ತಿರುಗಿ ಕೊಡ್ತಿರೋದು ಚಿಕ್ಕಿ. ಎಲ್ಲಮ್ಮಾ ತೂಕ ಬತ್ತೈತೆ? ಕೆಟ್ಟ ವ್ಯಾಪಾರ ಕಣಮ್ಮ ಅದು" ಎಂದರು. "ಬಾಯಲ್ಲಿ ಹೋಗಿದ್ದು ಬಾಯಲ್ಲೇ ಬರ್ಬೇಕು. ಹೋಗಿ ತಪ್ಪಾಯ್ತು ಅಂತ ಹೇಳು."

"ನೀವು ಯಾವತ್ತಾದ್ರೂ ಯಾರಿಗಾದ್ರೂ ಹೇಳಿದ್ದೀರಾ?" ಎಂದು ಅಮ್ಮ ಅಡುಗೆಮನೆಯಿಂದ ಕೇಳಿದಳು.

"ಹೇಳಿಲ್ಲ. ಅದಕ್ಕೇ ಅವಳಿಗೆ ಹೇಳ್ತಿರೋದು. ನೀನು ಮುಚ್ಚು ಬಾಯಿ."

ಸೋಮವಾರ ಬೆಳಿಗ್ಗೆ ಹಿಂದೂಪುರದಿಂದ ಮೊದಲ ಬಸ್ಸಿಗೆ ಹೊರಟು, ಕಲ್ಯಾಣದುರ್ಗದಲ್ಲಿ ಇಳಿದು, ಹಳ್ಳಿಯ ಬಸ್ಸು ಹಿಡಿದೆ. ದಾರಿಯುದ್ದಕ್ಕೂ 'ತಪ್ಪಾಯಿತು' ಎಂದು ಮನಸ್ಸಿನಲ್ಲೇ ಅಭ್ಯಾಸ ಮಾಡಿದೆ. ಪಾಠಕ್ಕೆ ಇಷ್ಟು ತಯಾರಿ ಎಂದೂ ಮಾಡಿರಲಿಲ್ಲ. ಅಂದೇ ಬಸ್ಸು ಎಲ್ಲಾ ದಿನಕ್ಕಿಂತ ತಡ. ಗೇಟಿನಲ್ಲಿ ಇಳಿದು ಓಡುವಾಗ ಎಂಟೂ ಐವತ್ತಾರು. ಮಕ್ಕಳು ಆಗಲೇ ಸಾಲಾಗಿ ನಿಂತು, "ಮೇಡಂ ಬಂದ್ರು, ಬನ್ರೋ" ಎಂದು ತಯಾರಾಗಿದ್ದರು. ಹೆಡ್ಮಾಸ್ಟರು ಗಡಿಯಾರ ನೋಡುತ್ತಾ, "ಬೇಗ ಅಮ್ಮಾ, ಇದು ತಪ್ಪಿದ್ರೆ ಮೂರನೇದು" ಎಂದರು. ಫೋನು ತೆಗೆದು ಎತ್ತಿ ಹಿಡಿದೆ. ಮುಖ ಹೊಂದುತ್ತಿಲ್ಲ. ಕಂಡಕ್ಟರ್ ಬಂದ, ಹೊಟ್ಟೆನೋವಿನವಳು ಬಂದಳು. ನಗು ಬರಲಿಲ್ಲ. ಮರದ ಬುಡದಲ್ಲಿ ಅವಳು ಲೋಟ ಹಿಡಿದು ನಿಂತಿದ್ದಳು. ಈಗ ಹಾಜರಿ ಹಾಕಿ ಆಮೇಲೆ ಹೇಳೋಣ ಎಂದುಕೊಂಡರೆ ಪ್ರಾರ್ಥನೆ ಬರುತ್ತದೆ, ಪಾಠ ಬರುತ್ತದೆ, ನನಗೆ ಧೈರ್ಯ ಹೋಗುತ್ತದೆ, ನಾಳೆ ಎನ್ನುತ್ತೇನೆ. ನನ್ನನ್ನು ನಾನು ಬಲ್ಲೆ.

ಫೋನನ್ನು ತೊಟ್ಟಿಯ ಕಟ್ಟೆಯ ಮೇಲೆ ಬೋರಲು ಇಟ್ಟು ಕೆಳಗೆ ಇಳಿದೆ.

"ಅಮ್ಮಾ, ಐವತ್ತೆಂಟು!" ಎಂದರು ಹೆಡ್ಮಾಸ್ಟರು.

"ಇರಲಿ ಸಾರ್" ಎಂದೆ. ನನ್ನ ದನಿ ಅಷ್ಟು ತಣ್ಣಗೆ ಬಂದದ್ದು ನನಗೇ ಆಶ್ಚರ್ಯ. ಅವಳ ಎದುರು ಮಂಡಿಯೂರಿ ಕೂತೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡುತ್ತಿದ್ದರು, ಅಡುಗೆಯಮ್ಮ ಸೌಟು ಹಿಡಿದು ಬಾಗಿಲಿಗೆ ಬಂದಿದ್ದಳು. ಅಷ್ಟು ದೂರ ಅಭ್ಯಾಸ ಮಾಡಿದ್ದ ಮಾತೆಲ್ಲ ಮರೆತುಹೋಯಿತು.

"ಅವತ್ತು ನಿನ್ನ ಮೇಲೆ ಹಂಗೆ ಕೂಗಿದ್ದು ನನ್ನ ತಪ್ಪು" ಎಂದೆ. "ನೀನೇನೂ ತಪ್ಪು ಮಾಡಿರಲಿಲ್ಲ. ಬಸ್ಸಿನ ಮೇಲಿನ ಸಿಟ್ಟು, ಫೋನಿನ ಮೇಲಿನ ಸಿಟ್ಟು, ನಿನ್ನ ಮೇಲೆ ಹಾಕ್ಬುಟ್ಟೆ. ತಪ್ಪಾಯ್ತು ಕಣಮ್ಮ."

ಅವಳು ನನ್ನನ್ನು ನೋಡಿದಳು. ಅಜ್ಜಿಯನ್ನು ನೋಡಿದಳು. ಲೋಟವನ್ನು ಮರದ ಬುಡದಲ್ಲಿ ಹುಷಾರಾಗಿ ಇಟ್ಟಳು. ಆಮೇಲೆ, ಎಷ್ಟೋ ದಿನದಿಂದ ಬಳಸದ ದನಿಯಲ್ಲಿ, ಕೇಳಿದಳು:

"ಅಂಗಾರೆ ಇನ್ಮೇಲೆ ಮಾತಾಡ್ಬೋದಾ ಮೇಡಂ?"

ನನಗೆ ಅರ್ಥವಾಗಲಿಲ್ಲ. "ಯಾರು ಬೇಡ ಅಂದ್ರು?" ಎಂದುಬಿಟ್ಟೆ.

"ನೀವೇ ಅಲ್ವಾ? ನಾನು ಏಳೋಗಂಟ ಬಾಯಿ ಬಿಡ್ಬ್ಯಾಡ ಅಂದಿದ್ರಿ. ನೀವು ಏಳ್ಲೇ ಇಲ್ಲ."

ಮುನಿಸೂ ಇಲ್ಲ, ದೂರೂ ಇಲ್ಲ. ಹೇಳಿದ ಕೆಲಸ ಮುಗಿಯಿತೇ ಎಂದು ಕೇಳುವ ದನಿ. ನಾನು ತಿಳಿದಂತೆ ಅವಳು ಹೆದರಿ ಮುದುಡಿ ಕೂತಿರಲಿಲ್ಲ. ಟೀಚರು ಒಂದು ಮಾತು ಹೇಳಿದ್ದರು, ಅವಳು ಅದನ್ನು ಪಾಲಿಸುತ್ತಿದ್ದಳು. ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಸಲ ಗಾಳಿಗೆ ಹೋಗುವ ಮಾತನ್ನು ಈ ಎಂಟು ವರ್ಷದ ಹುಡುಗಿ, ಚಿಕ್ಕಿ ಕೊಟ್ಟರೂ ಬಿಡದೆ, ಚಪ್ಪಾಳೆ ಹೊಡೆದರೂ ಬಿಡದೆ, ಜೋಪಾನವಾಗಿ ಹೊತ್ತುಕೊಂಡು ಓಡಾಡಿದ್ದಳು. ಸಮಯ ಕೊಡಬೇಕೆಂದು ನಾನು ಕಾಯುತ್ತಿದ್ದೆ. ಅಪ್ಪಣೆ ಬರಲಿ ಎಂದು ಅವಳು ಕಾಯುತ್ತಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಹಿಂದೆ ಎಲ್ಲೋ ಹೆಡ್ಮಾಸ್ಟರು, "ಒಂಬತ್ತಾಯ್ತು, ಪರವಾಲೇದು ಲೇಮ್ಮಾ" ಎಂದು ಮೆಲ್ಲಗೆ ಹೇಳಿ, ಪ್ರಾರ್ಥನೆಗೆಂದು ಉಳಿದ ಮಕ್ಕಳನ್ನು ಕರೆದುಕೊಂಡು ಹೋದರು.

"ಮಾತಾಡು" ಎಂದೆ. "ಎಷ್ಟು ಬೇಕಾದ್ರೂ ಮಾತಾಡು."

"ಇಪ್ಪತ್ತೆಂಟು ದಿನ ಆಯ್ತು ಮೇಡಂ" ಎಂದಳು ಅವಳು. ಎಣಿಸಿಟ್ಟುಕೊಂಡಿದ್ದಳು. "ನೀವು ಮರ್ತ್ಬುಟ್ರೇನೋ ಅಂದ್ಕಂಡಿದ್ದೆ."

"ಹೂಂ, ಮರೆತಿದ್ದೆ" ಎಂದೆ.

ಅವಳು ಲೋಟ ಎತ್ತಿಕೊಂಡು, "ಪರವಾಗಿಲ್ಲ ಬುಡಿ ಮೇಡಂ, ನಂಗೆ ಗ್ಯಾಪ್ಕ ಇತ್ತು" ಎಂದಳು. ಆಮೇಲೆ ತೊಟ್ಟಿಯ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿ, ತಾನೂ ಪಕ್ಕದಲ್ಲಿ ಕೂತು, ಬಾಕಿಯಿದ್ದ ಊರಿನ ಸುದ್ದಿಯನ್ನೆಲ್ಲ ಮೊದಲನೇ ದಿನದಿಂದ ಶುರು ಮಾಡಿದಳು.